ಲೇಡೀಸ್ ಡಬ್ಬದ ಒಂಬತ್ತು ಮಂದಿ

ಡೊಂಬಿವಲಿ (ಪೂರ್ವ)
6 ಅಕ್ಟೋಬರ್ 2003

ಶ್ರೀಮತಿ ಸುಂದರಿ ವಸಂತಕುಮಾರ ಅವರಿಗೆ,
ಕಾರ್ಯದರ್ಶಿ, ಮಹಿಳಾ ವಿಭಾಗ, ಕಾಮೋಠೆ ಕನ್ನಡ ಬಳಗ

ಮಾನ್ಯರೆ,

ನಾನು ಇಲ್ಲಿಯ ಒಂದು ಮಾಧ್ಯಮಿಕ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಊರು ಗದಗ, ಮದುವೆಯಾಗಿ ಈ ಕಡೆ ಬಂದು ಹತ್ತೊಂಬತ್ತು ವರ್ಷವಾಯಿತು. ನಿಮ್ಮ ಬಳಗವು ಮಹಿಳೆಯರ ಚಟುವಟಿಕೆಗಳಿಗೆ ನೆರವು ಕೊಡುತ್ತದೆಂದು ನಮ್ಮ ಶಾಲೆಯ ಜಯಶೀಲ ಸರ್ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಬರುವ ಜನವರಿಯಲ್ಲಿ ಥಾಣೆ ಜಿಲ್ಲೆಯ ಮಹಿಳೆಯರ ಬೇಸ್‌ಬಾಲ್ ಪಂದ್ಯಾವಳಿ ಇದೆ. ಈ ಆಟ ನಮ್ಮವರಿಗೆ ಹೊಸದು. ಒಂದು ತಂಡದಲ್ಲಿ ಒಂಬತ್ತು ಮಂದಿ. ಒಬ್ಬಳು ಚೆಂಡು ಎಸೆಯುತ್ತಾಳೆ, ಎದುರಿನವಳು ದೊಣ್ಣೆಯಿಂದ ಹೊಡೆದು ನಾಲ್ಕು ಮೂಲೆಯಲ್ಲಿರುವ ‘ಬೇಸ್’ಗಳನ್ನು ಸುತ್ತಿ ಬಂದರೆ ಒಂದು ಓಟ. ನಾನು ಧಾರವಾಡದ ಕಾಲೇಜಿನಲ್ಲಿ ಇದರ ತಂಗಿಯಂಥ ಸಾಫ್ಟ್‌ಬಾಲ್ ಆಡಿದವಳು.

ಹಟ ಯಾಕೆಂದು ಕೇಳಬಹುದು. ನಮ್ಮ ಮನೆಯ ಹಿಂದೆ ನಗರಪಾಲಿಕೆಯ ಮೈದಾನವಿದೆ. ಹದಿನಾಲ್ಕು ಕ್ರಿಕೆಟ್ ತಂಡಗಳಿಗೆ ಅದರ ಹೊತ್ತನ್ನು ಹಂಚಿಕೊಟ್ಟಿದ್ದಾರೆ. ಹೆಂಗಸರಿಗೆ ಒಂದು ಗಳಿಗೆಯೂ ಇಲ್ಲ. ಕೇಳಲು ಹೋದಾಗ ಅಲ್ಲಿಯ ಸಾಹೇಬರು, “ಜಿಲ್ಲಾ ಪಂದ್ಯದಲ್ಲಿ ಒಂದು ಸುತ್ತು ಗೆದ್ದ ತಂಡ ತನ್ನಿ ಬಾಯಿ, ಭಾನುವಾರ ಬೆಳಿಗ್ಗೆ ಎರಡು ತಾಸು ವರ್ಷಪೂರ್ತಿ ಬರೆದುಕೊಡುತ್ತೇನೆ” ಎಂದು ನಕ್ಕರು. ಅವರು ನಕ್ಕ ರೀತಿ ನನಗೆ ಮರೆಯುತ್ತಿಲ್ಲ.

ದೊಣ್ಣೆ, ಗ್ಲೌಸ್, ಬೂಟು, ಪ್ರವೇಶ ಶುಲ್ಕ ಸೇರಿ ಮೂವತ್ತು ಸಾವಿರ ಬೇಕಾಗುತ್ತದೆ. ಇಲ್ಲಿ ಕೇಳಿದ ಕಡೆಯಲ್ಲೆಲ್ಲ ‘ಕ್ರಿಕೆಟ್ ಆದರೆ ಕೊಡೋಣ’ ಎಂದರು. ಉತ್ತಮ ಅನುಭವವುಳ್ಳ ಆಟಗಾರ್ತಿಯರ ತಂಡ ಈಗಾಗಲೇ ಸಿದ್ಧವಾಗಿದೆ. ತಾವು ಕೃಪೆ ಮಾಡಬೇಕು.

ತಮ್ಮ ವಿಶ್ವಾಸಿ,
ಪ್ರಭಾ

ಕಾಮೋಠೆ
14 ಅಕ್ಟೋಬರ್ 2003

ಪ್ರಭಾ ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿದೆ. ಹನ್ನೆರಡು ಸಾವಿರದ ಚೆಕ್ ಇದರೊಟ್ಟಿಗೆ ಉಂಟು. ಮೂವತ್ತು ನಮ್ಮಿಂದ ಆಗುವ ಮಾತಲ್ಲ. ಯಾವ ಬಾಬ್ತಿನಿಂದ ತೆಗೆದದ್ದು ಅಂತ ನೀವು ಕೇಳಬೇಡಿ, ನಾನು ಹೇಳುವುದಿಲ್ಲ.

ಎರಡು ಷರತ್ತು. ತಂಡದಲ್ಲಿ ಕನ್ನಡದವರೇ ಇರಬೇಕು. ಮತ್ತೆ, ತಿಂಗಳಿಗೊಂದು ವರದಿ ಕಾಗದದಲ್ಲಿ ಬರೆದು ಕಳಿಸಬೇಕು. ನಮ್ಮ ಅಧ್ಯಕ್ಷರು ಮಾಪಣ್ಣನವರು ಫೋನಿನಲ್ಲಿ ಕೇಳಿದ್ದು ಯಾವುದನ್ನೂ ನಂಬುವವರಲ್ಲ. ನನಗೂ ಫೋನು ನಮ್ಮ ಹೋಟೆಲಿನ ದುಡ್ಡಿನ ಗಲ್ಲಾದ ಪಕ್ಕ ಇರುವುದು. ಇಡ್ಲಿ-ವಡೆ ಎಂದು ಕೂಗುವವರ ನಡುವೆ ನಿಮ್ಮ ಬೇಸ್‌ಬಾಲ್ ನನ್ನ ಕಿವಿಗೆ ಬೀಳುವುದಿಲ್ಲ.

ಗ್ಲೌಸಿಗೆ ನೀವು ದುಡ್ಡು ಹಾಕುವುದು ಬೇಡ. ಪಾತ್ರೆ ತೊಳೆಯುವವರಿಗೆ ತರಿಸುವ ಕಡೆಯಿಂದಲೇ ಎರಡು ಡಜನ್ ಹೇಳಿದ್ದೇನೆ. ಒಳ್ಳೆಯ ರಬ್ಬರು, ಮೊಣಕೈಯವರೆಗೆ ಬರುತ್ತದೆ. ಪಾರ್ಸೆಲ್ ಮಾಡುತ್ತೇನೆ.

ಒಂದು ಸಂಶಯ. ಈ ಆಟ ಸೀರೆಯಲ್ಲಿ ಆಡಬಹುದಾ?

ಸುಂದರಿ

ಡೊಂಬಿವಲಿ
2 ನವೆಂಬರ್ 2003

ಮಾನ್ಯ ಸುಂದರಿಯವರಿಗೆ,

ಚೆಕ್ಕು ತಲುಪಿತು. ಗ್ಲೌಸುಗಳೂ ತಲುಪಿದವು, ಬಹಳ ಉಪಯೋಗಕ್ಕೆ ಬಂದವು. ಸೀರೆಯಲ್ಲಿ ಆಡಬಾರದೆಂದು ನಿಯಮದಲ್ಲೇನೂ ಇಲ್ಲ.

ವರದಿ ಹೀಗಿದೆ. ಚೆಂಡು ಎಸೆಯುವ ಜಾಗಕ್ಕೆ ಚಂದ್ರಬಾಯಿ ಎಂಬವರು ಸಿಕ್ಕಿದ್ದಾರೆ. ಗುಲಬರ್ಗಾ ಕಡೆಯವರು, ನಿಖರವಾಗಿ ಎಸೆಯುವುದರಲ್ಲಿ ಹತ್ತು ವರ್ಷದ ಅನುಭವ. ಹೊಡೆಯುವವರಲ್ಲಿ ಈರವ್ವ ಮುಖ್ಯರು. ದಿನಕ್ಕೆ ಇನ್ನೂರು ಸಲ ಬಡಿಯುವ ಅಭ್ಯಾಸ, ಒಂದು ದಿನವೂ ತಪ್ಪಿಸಿದವರಲ್ಲ. ಓಟಕ್ಕೆ ಸೋನಾಲಿ ಎಂಬ ಹುಡುಗಿ ಇದ್ದಾಳೆ. ಪ್ರತಿ ಬೆಳಿಗ್ಗೆ ನೂರಾರು ಜನರೊಂದಿಗೆ ಸ್ಪರ್ಧಿಸಿ ಗೆಲ್ಲುತ್ತಾಳೆ. ಎಸೆದದ್ದನ್ನು ಹಿಡಿಯುವ ಶೈನಿ ವೃತ್ತಿಯಿಂದ ನರ್ಸು, ಯಾವ ಕಡೆಯಿಂದ ಏನು ಬಂದರೂ ಬಿಡುವವಳಲ್ಲ. ಉಳಿದವರೂ ಇದೇ ಮಟ್ಟದವರು.

ಅಭ್ಯಾಸ ದಿನಾ ಬೆಳಿಗ್ಗೆ ನಡೆಯುತ್ತಿದೆ.

ವಿಶ್ವಾಸಿ,
ಪ್ರಭಾ

ಕಾಮೋಠೆ
12 ನವೆಂಬರ್ 2003

ಪ್ರಭಾ ಟೀಚರ್ ಅವರಿಗೆ,

ನಿಮ್ಮ ವರದಿಯನ್ನು ಮಾಪಣ್ಣನವರು ಸಭೆಯಲ್ಲಿ ಎದ್ದುನಿಂತು ಓದಿದರು. “ದಿನಕ್ಕ ಇನ್ನೂರು! ಕೇಳಿದ್ರೇನು?” ಅಂತ ಎರಡು ಸಲ ಕೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೊನ್ನೆ ಸೋಮವಾರ ನಮ್ಮ ಯಜಮಾನರು ವಸಂತಕುಮಾರರು ಕಾಫಿಪುಡಿಯವರನ್ನು ನೋಡಲು ಡೊಂಬಿವಲಿಗೆ ಬಂದಿದ್ದರು. ಬೆಳಿಗ್ಗೆ ಎಂಟು ಗಂಟೆಗೆ ಸ್ಟೇಷನ್ನಿನಲ್ಲಿ ಇಳಿದಾಗ ಅವರು ಕಂಡದ್ದನ್ನು ಹೇಳುತ್ತೇನೆ. ರೈಲಿನ ಲೇಡೀಸ್ ಡಬ್ಬ ಬಂದು ನಿಲ್ಲುವ ಜಾಗದಲ್ಲಿ ಒಬ್ಬ ಹೆಂಗಸು. ಕೊರಳಲ್ಲಿ ಸೀಟಿ, ಕೈಯಲ್ಲಿ ಓಟದ ಗಡಿಯಾರ. ರೈಲು ಬಂದಾಗ ಕೂರುವ ಜಾಗಕ್ಕಾಗಿ ಮುಗಿಬಿದ್ದ ಹೆಂಗಸರನ್ನು ನೋಡಿ “ಶಾಬಾಸ್! ನಿನ್ನಿಗಿಂತ ಎರಡು ಸೆಕೆಂಡ್ ಕಮ್ಮಿ!” ಅಂತ ಕನ್ನಡದಲ್ಲಿ ಕೂಗುತ್ತಿದ್ದಳಂತೆ. ಪಕ್ಕದವರನ್ನು ಇವರು ಕೇಳಿದರೆ, “ಯಾರೋ ಟೀಚರ್, ತಲೆ ಸ್ವಲ್ಪ...” ಅಂತ ಕೈ ತಿರುಗಿಸಿ ತೋರಿಸಿದರಂತೆ.

ಅದು ನೀವೇ ಅಲ್ಲವಾ? ನಿಮ್ಮ ತಂಡ ಎಲ್ಲಿ ಉಂಟು? ನನಗೆ ನಿಜ ಹೇಳಿ. ವರದಿಯಲ್ಲಿ ಬೇಡ, ಪತ್ರದಲ್ಲಿ.

ಸುಂದರಿ

ಡೊಂಬಿವಲಿ
19 ನವೆಂಬರ್ 2003

ಸುಂದರಿಯವರಿಗೆ,

ಹೌದು, ಅದು ನಾನೇ.

ನಿಮಗೆ ಮೊದಲ ಪತ್ರ ಬರೆದ ದಿನ ನನ್ನ ಬಳಿ ತಂಡ ಇರಲಿಲ್ಲ. ಆರು ಹುಡುಗಿಯರಿದ್ದರು, ಎಲ್ಲರೂ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವರು, ನಾನೇ ಕಲಿಸಿದವರು. ಘೋಡಬಂದರ್ ರಸ್ತೆಯ ದೊಡ್ಡ ವಸಾಹತಿನ ಕ್ಲಬ್ಬೊಂದು ಇದೇ ಪಂದ್ಯಕ್ಕೆ ತಂಡ ಕಟ್ಟುತ್ತಿದೆ. ಬೂಟು, ಓಡಾಟಕ್ಕೆ ಬಸ್ಸು, ಅಭ್ಯಾಸದ ನಂತರ ಮೋಸಂಬಿ ಜ್ಯೂಸು. ಒಂದೇ ವಾರದಲ್ಲಿ ಆರೂ ಮಂದಿ ಹೋದರು. ಒಬ್ಬಳು ಮಾತ್ರ ಮನೆಗೆ ಬಂದು “ಸಾರಿ ಟೀಚರ್” ಎಂದು ಅತ್ತಳು. ಅವಳಿಗೆ ಚಹಾ ಕೊಟ್ಟು ಕಳಿಸಿದೆ. ಜ್ಯೂಸಿನ ಎದುರು ನನ್ನ ಚಹಾ ಏನು ಮಾಡೀತು?

ಮರುದಿನ ಒಂದು ತರಬೇತಿಗೆಂದು ಥಾಣೆಗೆ ಹೊರಟು ಸ್ಟೇಷನ್ನಿನಲ್ಲಿ ನಿಂತಿದ್ದೆ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಖಾಲಿ ಬರುತ್ತಿತ್ತು. ಇನ್ನೂ ನಿಂತಿರಲಿಲ್ಲ. ನನ್ನ ಪಕ್ಕದ ಹೆಂಗಸು ತನ್ನ ಬಟ್ಟೆಯ ಚೀಲವನ್ನು ಚಲಿಸುತ್ತಿರುವ ಡಬ್ಬದ ಕಿಟಕಿಯ ಸರಳುಗಳ ಸಂದಿಯಿಂದ ಎಸೆದಳು. ಅದು ನೆಟ್ಟಗೆ ಹೋಗಿ ಆಚೆಯ ಸೀಟಿನ ಮೇಲೆ ಕೂತಿತು. ಸುಂದರಿಯವರೆ, ಆ ಸಂದಿ ಒಂದು ಗೇಣು ಕೂಡ ಇಲ್ಲ. ನಾನು ರೈಲು ಹತ್ತುವುದನ್ನೇ ಮರೆತೆ.

ಮರುದಿನ ಅದೇ ಹೊತ್ತಿಗೆ ಹೋಗಿ ಅವಳನ್ನು ಹಿಡಿದೆ. ಉಟ್ಟಿದ್ದ ಇಳಕಲ್ ಸೀರೆ ನೋಡಿ ಕನ್ನಡದಲ್ಲೇ ಕೇಳಿದೆ.

“ಬಾಯಿ, ನಿನ್ನೆ ಚೀಲ ಒಗದವರು ನೀವ ಅಲ್ಲೇನ್ರಿ?”

ಕನ್ನಡ ಕೇಳಿ ಅವಳು ಬೆಚ್ಚಿದಳು. “ನೀವು ರೈಲ್ವೆದವರೇನ್ರಿ? ದಂಡ ಹಾಕ್ತೀರೇನು? ಎಲ್ಲಾರೂ ಒಗೀತಾರ್ರೀ, ನಾ ಒಬ್ಬಾಕಿನೇ ಅಲ್ಲ!”

“ದಂಡಿಲ್ಲವ್ವಾ. ಇನ್ನೊಮ್ಮೆ ಒಗದು ತೋರಸ್ರಿ.”

ಅವಳೇ ಚಂದ್ರಬಾಯಿ. ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುತ್ತಾಳೆ. ಹತ್ತು ವರ್ಷದಿಂದ ಚೀಲ ಎಸೆಯುತ್ತಿದ್ದಾಳೆ. ಎರಡೇ ಸಲ ಗುರಿ ತಪ್ಪಿದೆಯಂತೆ. ಸೋನಾಲಿ ಥಾಣೆಯ ಒಂದು ಆಫೀಸಿನಲ್ಲಿ ಟೈಪಿಸ್ಟು. ರೈಲು ನಿಲ್ಲುವ ಮೊದಲೇ ಒಳಗೆ ಹಾರಿ ಕಿಟಕಿಯ ಸೀಟು ಹಿಡಿಯುತ್ತಾಳೆ. ಶೈನಿ ಗೆಳತಿಯರು ಹೊರಗಿನಿಂದ ಎಸೆದ ಚೀಲಗಳನ್ನು ಒಳಗಿನಿಂದ ಹಿಡಿಯುವವಳು. ಈರವ್ವ ಕಲ್ಯಾಣದವಳು, ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ವರದಿಯಲ್ಲಿ ಬರೆದದ್ದು ಒಂದಕ್ಷರವೂ ಸುಳ್ಳಲ್ಲ, ಆದರೆ ಇವರಲ್ಲಿ ಯಾರೂ ಬೇಸ್‌ಬಾಲ್ ಆಡಿದವರಲ್ಲ. ಕನ್ನಡದವರೂ ಮೂವರೇ. ನನ್ನನ್ನು ಸೇರಿಸಿದರೆ ನಾಲ್ಕು.

ನಿಮ್ಮ ಗ್ಲೌಸುಗಳನ್ನು ಚಂದ್ರಬಾಯಿ ಈರುಳ್ಳಿ ಆರಿಸುವವರಿಗೆ ಹಂಚಿದಳು. ಉಪಯೋಗಕ್ಕೆ ಬಂದವೆಂದು ಬರೆದದ್ದು ಅದಕ್ಕೆ. ಈ ಆಟದ ಗ್ಲೌಸು ದಪ್ಪ ಚರ್ಮದ್ದು, ಮೊರದಷ್ಟು ಅಗಲ. ಒಂದನ್ನು ಕೊಂಡು ಸ್ಟೇಷನ್ನಿನ ಹತ್ತಿರದ ಚಮ್ಮಾರನಿಗೆ ಕೊಟ್ಟೆ. ಅದನ್ನು ನೋಡಿಕೊಂಡು ಹಳೆಯ ಆಫೀಸು ಕುರ್ಚಿಗಳ ಚರ್ಮದಿಂದ ಉಳಿದ ಎಂಟನ್ನು ಅವನೇ ಹೊಲಿದ. ದೊಣ್ಣೆಯನ್ನು ಕಲ್ಯಾಣದಲ್ಲಿ ಲಟ್ಟಣಿಗೆ ಮಾಡುವವರು ಕಡೆದುಕೊಟ್ಟರು. “ಇಷ್ಟುದ್ದದ ಲಟ್ಟಣಿಗೆಯಲ್ಲಿ ಯಾರಿಗೆ ಚಪಾತಿ?” ಎಂದು ಕೇಳಿದರು.

ಚೆಕ್ಕಿನಲ್ಲಿ ಉಳಿದದ್ದನ್ನು ವಾಪಸು ಕೇಳಿದರೆ ಕಳಿಸುತ್ತೇನೆ. ನಿಮಗೆ ಸುಳ್ಳು ಹೇಳಿದ್ದು ತಪ್ಪು.

ಪ್ರಭಾ

ಕಾಮೋಠೆ
1 ಡಿಸೆಂಬರ್ 2003

ಪ್ರಭಾ,

ಹನ್ನೊಂದು ದಿನ ನಿಮ್ಮನ್ನು ಕಾಯಿಸಿದೆ. ಸಿಟ್ಟಿನಿಂದ ಅಂತಲೇ ತಿಳಿಯಿರಿ. ಆದರೆ ಪತ್ರವನ್ನು ಗಲ್ಲಾದಲ್ಲಿ ಕೂತು ಓದಿದವಳು, “ದಂಡ ಹಾಕ್ತೀರೇನು” ಎನ್ನುವಲ್ಲಿಗೆ ಬಂದಾಗ ನಗು ತಡೆಯಲಾಗದೆ ಗಿರಾಕಿಗೆ ಐವತ್ತರ ಬದಲು ನೂರು ವಾಪಸು ಕೊಟ್ಟೆ. ಅವನೂ ಸುಮ್ಮನೆ ಹೋದ.

ದುಡ್ಡು ಕಳಿಸಬೇಡಿ. ಕನ್ನಡದವರು ಮೂವರೇ ಆದರೆ ಉಳಿದವರಿಗೆ ಕನ್ನಡ ಕಲಿಸಿ. ಮಾಪಣ್ಣನವರ ಷರತ್ತಿನಲ್ಲಿ ‘ಕನ್ನಡದವರು’ ಅಂತ ಉಂಟೇ ಹೊರತು ಯಾವಾಗಿನಿಂದ ಅಂತ ಇಲ್ಲ.

ನಿಮ್ಮ ನಿಯಮದ ಪುಸ್ತಕವನ್ನು ಜಯಶೀಲರ ಕೈಯಲ್ಲಿ ತರಿಸಿಕೊಂಡು ಓದಿದೆ. ಒಂದು ಅರ್ಥವಾಗಲಿಲ್ಲ. ಎಸೆಯುವವಳು ಹೊಡೆಯಲಾಗದ ಹಾಗೆ ಆಚೆ ಈಚೆ ನಾಲ್ಕು ಸಲ ಎಸೆದರೆ, ಹೊಡೆಯುವವಳಿಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದಂತೆ. ಆರಾಮದಲ್ಲಿ ನಡೆದುಕೊಂಡು ಹೋಗಬಹುದಂತೆ. ಹಾಗಾದರೆ ಎಲ್ಲರೂ ದೊಣ್ಣೆ ಬೀಸುವುದು ಯಾಕೆ? ಸುಮ್ಮನೆ ನಿಲ್ಲಬಾರದಾ?

ನಾನು ಆಟ ತಿಳಿಯದವಳು. ತಪ್ಪಿದ್ದರೆ ಬಿಡಿ.

ಬೇಸ್‌ಗಳಿಗೆ ದುಡ್ಡು ಹಾಕಬೇಡಿ. ನಾಲ್ಕು ಮೈದಾ ಚೀಲ ಕಳಿಸಿದ್ದೇನೆ. ಮರಳು ತುಂಬಿ.

ಸುಂದರಿ

ಡೊಂಬಿವಲಿ
15 ಡಿಸೆಂಬರ್ 2003

ಸುಂದರಕ್ಕಾ,

ಹೀಗೆ ಕರೆಯಬಹುದಲ್ಲವೇ?

ನಿಮ್ಮ ಪ್ರಶ್ನೆಯನ್ನು ಓದಿ ನಾನು ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಪ್ಪತ್ತು ವರ್ಷದಿಂದ ಈ ಆಟ ಬಲ್ಲವಳು, ‘ಹೊಡಿ, ಹೊಡಿ’ ಎನ್ನುವುದನ್ನೇ ಕಲಿತಿದ್ದೆ, ಅದನ್ನೇ ಕಲಿಸಿದ್ದೆ. ನಮ್ಮವರಿಗೆ ಹೊಡೆಯಲು ಬರುವುದಿಲ್ಲ. ಆದರೆ ಕಾಯಲು ಬರುತ್ತದೆ. ರೇಶನ್ ಅಂಗಡಿಯಲ್ಲಿ ಕಾದಿದ್ದಾರೆ, ನಳದ ಮುಂದೆ ಕಾದಿದ್ದಾರೆ, ತಡವಾದ ರೈಲಿಗೆ ಕಾದಿದ್ದಾರೆ. ನಾಲ್ಕು ಎಸೆತ ಕಾಯುವುದು ಇವರಿಗೆ ಏನು ಲೆಕ್ಕ!

ಈಗ ಸ್ಟೇಷನ್ನಿನ ಹಿಂದಿನ ಖಾಲಿ ಜಾಗದಲ್ಲಿ ಭಾನುವಾರ ಬೀಸದಿರುವ ಅಭ್ಯಾಸ ಮಾಡಿಸುತ್ತಿದ್ದೇನೆ. ಎಲ್ಲರೂ ಕಲಿತರು, ಈರವ್ವ ಒಬ್ಬಳನ್ನು ಬಿಟ್ಟು. “ಎದುರಿಗೆ ಬಂದದ್ದನ್ನ ಬಡೀದ ಹ್ಯಾಂಗ ಬಿಡ್ಲಿ ಟೀಚರ? ಕೈ ಕೇಳಂಗಿಲ್ರೀ” ಎನ್ನುತ್ತಾಳೆ.

ಕನ್ನಡವೂ ನಡೆದಿದೆ. ‘ಓಡು’, ‘ನಿಲ್ಲು’, ‘ಬಿಡು’, ‘ಹಿಡಿ’ ನಾಲ್ಕೂ ಬಂದವು. ಎದುರಿನವರಿಗೆ ತಿಳಿಯದ ಗುಟ್ಟಿನ ಭಾಷೆಯಾಗಿ ಉಪಯೋಗಕ್ಕೆ ಬರುತ್ತಿದೆ. ಮಲಯಾಳಿ ಶೈನಿ ‘ಹಿಡಿ’ ಎನ್ನುವುದು ಚಂದ್ರಬಾಯಿಯ ಕಿವಿಗೆ ‘ಇಡಿ’ ಎಂದು ಬೀಳುತ್ತದೆ. ಸೋನಾಲಿಯ ಅಪ್ಪ ಶಂಕ್ರೆಪ್ಪನವರ ಊರು ಬಿಜಾಪುರ, ಆದರೂ ಅವಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ “ಹೋ ಟೀಚರ್, ಕಳಲಂ” ಎಂದು, ಅಂದರೆ ತಿಳಿಯಿತೆಂದು, ಮರಾಠಿಯಲ್ಲೇ ಉತ್ತರ ಕೊಡುತ್ತಾಳೆ. ಮೊನ್ನೆ ಬೇಸ್ ಮುಟ್ಟಲು ಜಾರಿ ಬಿದ್ದಾಗ ಮಾತ್ರ ಬಾಯಿಂದ “ಯವ್ವಾ!” ಬಂತು.

ನಮ್ಮ ಶಾಲೆಯ ಹುಡುಗರ ಜೊತೆ ಒಂದು ಪಂದ್ಯ ಆಡಿದೆವು. ಒಂಬತ್ತಕ್ಕೆ ಏಳರಿಂದ ಸೋತೆವು. ಆ ಏಳು ಓಟಗಳಲ್ಲಿ ಐದು ಸುಮ್ಮನೆ ನಿಂತದ್ದರಿಂದಲೇ ಬಂದವು.

ನಿಮ್ಮ ಪ್ರಭಾ

ಕಾಮೋಠೆ
8 ಜನವರಿ 2004

ಪ್ರಭಾ,

ಇಷ್ಟು ದಿನ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ, ಇನ್ನು ಆಗುವುದಿಲ್ಲ. ಆ ಹನ್ನೆರಡು ಸಾವಿರ ನಮ್ಮ ಬಳಗದ ಸಂಕ್ರಾಂತಿಯ ಅರಿಸಿನ-ಕುಂಕುಮದ್ದು. ವರ್ಷವೂ ನೂರೈವತ್ತು ಹೆಂಗಸರನ್ನು ಕರೆದು, ಎಳ್ಳು-ಬೆಲ್ಲ ಕೊಟ್ಟು, ಒಬ್ಬೊಬ್ಬರಿಗೆ ಒಂದು ಸ್ಟೀಲ್ ಬಟ್ಟಲು ಕೊಡುವುದು. ಎಲ್ಲರ ಮನೆಯಲ್ಲೂ ಹತ್ತು ಹತ್ತು ಬಟ್ಟಲು ಆಗಿದೆ. ಈ ವರ್ಷ ಒಮ್ಮೆ ಬೇರೇನಾದರೂ ಆಗಲಿ ಅಂತ ಅದನ್ನು ನಿಮಗೆ ಕೊಟ್ಟೆ. ಸಭೆಯಲ್ಲಿ ‘ಮಹಿಳಾ ಕಾರ್ಯಕ್ರಮ’ ಅಂತ ಬರೆದೆ. ಮಾಪಣ್ಣನವರು ಬೇಸ್‌ಬಾಲಿನದು ಬೇರೆ ದುಡ್ಡು, ಅರಿಸಿನ-ಕುಂಕುಮದ್ದು ಬೇರೆ ದುಡ್ಡು ಅಂತ ತಿಳಿದಿದ್ದಾರೆ.

ನಿನ್ನೆ ಅವರು “ಏನ್ ಸುಂದರಾಬಾಯಿ, ಅರಿಸಿನ-ಕುಂಕುಮ ಯಾವತ್ತು?” ಅಂತ ಎಲ್ಲರ ಎದುರು ಕೇಳಿದರು. ನನ್ನ ಬಾಯಿಯಿಂದ “ಹದಿನೆಂಟಕ್ಕೆ, ಥಾಣೆಯಲ್ಲಿ, ಬೇಸ್‌ಬಾಲ್ ಮೈದಾನದಲ್ಲಿ” ಅಂತ ಬಂದೇಬಿಟ್ಟಿತು. ಒಳ್ಳೆಯ ಐಡಿಯಾ ಅಂತ ಅವರೇ ಮೂರು ಬಸ್ಸು ಮಾತಾಡಿದ್ದಾರೆ.

ನನಗೆ ಏನೂ ತೋಚುವುದಿಲ್ಲ. ನೀವು ಅಲ್ಲಿ ಇರುತ್ತೀರಲ್ಲ, ಅದೊಂದೇ ಧೈರ್ಯ. ಎಲ್ಲ ನೀವೇ ನೋಡಿಕೊಳ್ಳಬೇಕು.

ಸುಂದರಕ್ಕ

ಡೊಂಬಿವಲಿ
8 ಜನವರಿ 2004

ಸುಂದರಕ್ಕಾ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಹತ್ತು ದಿನದ ಹಿಂದೆಯೇ ಆದೇಶ ಬಂದಿತ್ತು. ರದ್ದು ಮಾಡಿಸಬಹುದೆಂದು ನಿಮಗೆ ಹೇಳಿರಲಿಲ್ಲ. ಮತದಾರರ ಪಟ್ಟಿ ಪರಿಶೀಲನೆಗೆ ನನ್ನನ್ನು ಹಾಕಿದ್ದಾರೆ. ಹದಿನೆಂಟನೇ ತಾರೀಕು ಬೆಳಗಿನಿಂದ ಸಂಜೆಯ ತನಕ ಮನೆಮನೆ ತಿರುಗಿ ಹೆಸರು ಬರೆದುಕೊಳ್ಳಬೇಕು. ಮುಖ್ಯೋಪಾಧ್ಯಾಯರ ಕಾಲು ಹಿಡಿಯುವುದೊಂದು ಬಾಕಿ. ಅವರು “ಕಾಯ್ ಬಾಯಿ, ದೇಶಾಪೇಕ್ಷಾ ಬೇಸ್‌ಬಾಲ್ ಮೋಠಾ?” ಎಂದರು. ದೇಶಕ್ಕಿಂತ ಬೇಸ್‌ಬಾಲ್ ದೊಡ್ಡದೇ ಎಂದು ಕೇಳಿ ಪಟ್ಟಿಯನ್ನು ಕೈಗಿಟ್ಟರು.

ತಂಡದ ಜೊತೆ ಒಬ್ಬ ವ್ಯವಸ್ಥಾಪಕಿ ಇರಲೇಬೇಕು. ಇಲ್ಲದಿದ್ದರೆ ಮೈದಾನಕ್ಕೆ ಬಿಡುವುದಿಲ್ಲ. ನಿಮ್ಮ ಹೆಸರು ಕೊಟ್ಟಿದ್ದೇನೆ. ನೀವು ಇರುತ್ತೀರಲ್ಲ, ಅದೊಂದೇ ಧೈರ್ಯ.

ಪ್ರಭಾ

ಕಾಮೋಠೆ
10 ಜನವರಿ 2004

ಪ್ರಭಾ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ನೋಡಿ ನಕ್ಕಿರಬೇಕು.

ನಿಯಮಗಳನ್ನು ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ದೊಡ್ಡ ಅಕ್ಷರದಲ್ಲಿ. ನನಗೆ ಚಾಳೀಸು ಬಂದಿದೆ.

ಸುಂದರಕ್ಕ

ಡೊಂಬಿವಲಿ
13 ಜನವರಿ 2004

ಅಕ್ಕಾ,

ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿರುವುದನ್ನೆಲ್ಲ ಮರೆತರೂ ಇಷ್ಟು ನೆನಪಿಡಿ. ಹೊಡೆಯುವಂಥ ಒಳ್ಳೆಯ ಎಸೆತವನ್ನು ಬಿಟ್ಟರೆ ‘ಸ್ಟ್ರೈಕ್’; ಮೂರು ಆದರೆ ಔಟ್. ಆಚೀಚೆ ಹೋದ ಕೆಟ್ಟ ಎಸೆತವನ್ನು ಬಿಟ್ಟರೆ ‘ಬಾಲ್’. ನಾಲ್ಕು ಆದರೆ ಪುಕ್ಕಟೆ ಬೇಸ್. ಮೂರೂ ಬೇಸ್‌ಗಳಲ್ಲಿ ನಮ್ಮವರು ನಿಂತಿದ್ದಾಗ ಪುಕ್ಕಟೆ ಬೇಸ್ ಸಿಕ್ಕಿದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿಯುತ್ತಾರೆ, ಮೂರನೆಯದರಲ್ಲಿದ್ದವಳು ಹೊಡೆಯಲು ನಿಂತಿದ್ದ ಜಾಗ, ಅಂದರೆ ‘ಮನೆ’, ಮುಟ್ಟಿದರೆ ಒಂದು ಓಟ.

ಇನ್ನೊಂದು. ಪಟ್ಟಿಯಲ್ಲಿ ಹನ್ನೊಂದು ಹೆಸರು ಬೇಕಿತ್ತು, ನಮ್ಮವರು ಹತ್ತು. ಹನ್ನೊಂದನೆಯದು ನಿಮ್ಮದು. ಹೆದರಬೇಡಿ. ಕಾಗದಕ್ಕೆ ಮಾತ್ರ.

ಪ್ರಭಾ

ಕಾಮೋಠೆ
19 ಜನವರಿ 2004

ಪ್ರಭಾ ಮಾರಾಯ್ತಿ,

ಕಾಗದಕ್ಕೆ ಮಾತ್ರ ಅಂತ ಬರೆದ ಆ ನಿನ್ನ ಕೈಗೆ ಏನು ಕೊಡಬೇಕು ಹೇಳು! ನಿನ್ನೆ ಫೋನಿನಲ್ಲಿ “ಗೆದ್ದೆವು” ಅಂತ ಒಂದು ಮಾತು ಹೇಳಿ ಇಟ್ಟದ್ದು, ಸೊಂಟ ನೋವಿನಿಂದ ನಿಲ್ಲಲಾಗದೆ. ಈಗ ಪೂರ್ತಿ ಕೇಳು.

ನಮ್ಮ ಮೂರು ಬಸ್ಸು ಎಂಟಕ್ಕೆ ತಲುಪಿತು. ನೂರೈವತ್ತೆಂಟು ಹೆಂಗಸರು, ಎಲ್ಲರೂ ರೇಷ್ಮೆ ಸೀರೆ. ಸ್ಟೀಲ್ ಬಟ್ಟಲಿನ ಬದಲು ಹೋಟೆಲಿನಿಂದ ಅರ್ಧರ್ಧ ಕಿಲೋ ರವೆ ಕಟ್ಟಿಸಿದ್ದೆ. ಗೇಟಿನಲ್ಲಿ ಅರಿಸಿನ-ಕುಂಕುಮ ಕೊಟ್ಟೇ ಒಳಗೆ ಬಿಟ್ಟದ್ದು. ಘೋಡಬಂದರ್ ಕ್ಲಬ್ಬಿನ ಹುಡುಗಿಯರಿಗೂ ಕೊಟ್ಟೆವು. ಹೌದು, ಮೊದಲ ಸುತ್ತಿನಲ್ಲಿ ಅವರೇ ನಮಗೆ ಬಿದ್ದದ್ದು. ನಿನ್ನ ಚಹಾ ಕುಡಿದ ಹುಡುಗಿ ಬಂದು, “ಟೀಚರ್ ಬಂದಿಲ್ವಾ?” ಅಂತ ಮೂರು ಸಲ ಕೇಳಿದಳು. ಅಂಪೈರಿಗೆ ಎಳ್ಳು-ಬೆಲ್ಲ ಕೊಟ್ಟಾಗ ಅವರು ಇದು ಲಂಚವೋ ಅಂತ ಸ್ವಲ್ಪ ಹೊತ್ತು ಯೋಚಿಸಿ ತಿಂದರು.

ಸೋನಾಲಿ ಬರಲಿಲ್ಲ. ಬೆಳಿಗ್ಗೆಯೇ ಗಂಡಿನ ಕಡೆಯವರು ನೋಡಲು ಬಂದಿದ್ದರಂತೆ. ಶಂಕ್ರೆಪ್ಪನವರು ಅವಳ ಬೂಟು ಅಡಗಿಸಿಟ್ಟರಂತೆ. ಉಳಿದದ್ದು ಒಂಬತ್ತೇ ಮಂದಿ.

ಚಂದ್ರಬಾಯಿಯನ್ನು ನೀನು ನೋಡಬೇಕಿತ್ತು. ಮೊದಲ ಎರಡು ಎಸೆತ ಎಲ್ಲೋ ಹೋಯಿತು. ನಾನು ಹತ್ತಿರ ಹೋಗಿ, “ಎಂತ ಆಯಿತು?” ಅಂದೆ. “ಸರಳು ಕಾಣವಲ್ವು ಅಕ್ಕಾರ” ಅಂದಳು. ನಾನು ನಿನ್ನ ಶೈನಿಗೆ ಹೇಳಿ, ಚೆಂಡು ಹಿಡಿಯುವ ಕೈಗವಸಿನ ಮೇಲೆ ಕುಂಕುಮದಲ್ಲಿ ಎರಡು ಗೆರೆ ಎಳೆಸಿದೆ. ಆಮೇಲೆ ಆ ಎರಡು ಗೆರೆಯ ನಡುವೆ ಬಿಟ್ಟು ಬೇರೆಲ್ಲೂ ಬೀಳಲಿಲ್ಲ. ಆದರೆ ಅವರ ಹುಡುಗಿಯರು ಕಲಿತವರು, ಒಳ್ಳೆಯ ಎಸೆತವನ್ನೂ ಹೊಡೆಯುತ್ತಾರೆ. ಐದು ಸರದಿಯ ಪಂದ್ಯ. ಅವರ ಐದೂ ಮುಗಿದಾಗ ಆರು ಓಟ, ನಮ್ಮದು ಮೂರು.

ನಮ್ಮ ಕೊನೆಯ ಸರದಿ. ಅವರ ಚೆಂಡು ಎಸೆಯುವ ಪಿಚರ್ ಎತ್ತರದ ಹುಡುಗಿ, ಬಾಣದ ಹಾಗೆ ಎಸೆಯುತ್ತಾಳೆ. ಅಷ್ಟರಲ್ಲಿ ನಮ್ಮ ಹೆಂಗಸರಿಗೆ ಆಟ ತಿಳಿದುಹೋಗಿತ್ತು. ದೊಣ್ಣೆ ಬೀಸದೆ ನಿಂತರೆ ಲಾಭ ಅಂತ ಗೊತ್ತಾದ ಕೂಡಲೇ ನೂರೈವತ್ತೆಂಟು ಮಂದಿಯೂ ಒಂದೇ ದನಿಯಲ್ಲಿ “ಬಿಡು! ಬಿಡು! ಬಿಡು!” ಅಂತ ಶುರು ಮಾಡಿದರು. ಆ ಹುಡುಗಿ ಅದನ್ನು ಏನಂತ ತಿಳಿದಳೋ, ಎಸೆದದ್ದೆಲ್ಲ ಆಚೆ ಈಚೆ ಹೋಗತೊಡಗಿತು. ಒಬ್ಬೊಬ್ಬರೇ ನಡೆದು ಹೋದರು. ಒಂದು ಓಟ, ಎರಡು, ಮೂರು. ಆರಕ್ಕೆ ಆರು ಸಮ. ಅವರ ಕೋಚು ಓಡಿ ಬಂದು ನೀರು ಕುಡಿಸಿದ. ಆಮೇಲೆ ನಮ್ಮ ಇಬ್ಬರು ಪಟಪಟ ಔಟಾದರು. ಇನ್ನೊಬ್ಬಳು ಔಟಾದರೆ ಸರದಿ ಮುಗಿಯಿತು. ಮೂರು ಬೇಸಿನಲ್ಲೂ ನಮ್ಮವರೇ. ಯಾರ ಪಾಳಿ? ಈರವ್ವನದು!

ಎಷ್ಟು “ಬಿಡು” ಅಂದರೂ ಅವಳು ಬಿಡುವವಳಲ್ಲ. ಅಷ್ಟರಲ್ಲಿ ಎದ್ದ ಈರವ್ವ ಹಾಗೇ ಕೂತಳು. ಹಿಂದಿನ ಸರದಿಯಲ್ಲಿ ಚೆಂಡು ಹಿಡಿಯಲು ಹೋಗಿ ಕಾಲು ಉಳುಕಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಬಾತು ಹಲಸಿನ ತೊಳೆಯ ಹಾಗೆ ಆಗಿತ್ತು. ಅಂಪೈರು ಪಟ್ಟಿ ನೋಡಿ, “ಇನ್ನೊಂದು ಹೆಸರಿದೆ. ಸುಂದರಿ ವಿ. ಯಾರು?” ಅಂದರು.

ಮಾಪಣ್ಣನವರು ನನ್ನ ಕಡೆ ತಿರುಗಿದರು. ನೂರೈವತ್ತೆಂಟು ಮಂದಿ ತಿರುಗಿದರು.

“ಎಂತ ನೋಡುವುದು?” ಅಂದೆ ನಾನು. ಈರವ್ವನ ಬೂಟು ಹಾಕಿಕೊಂಡೆ. ಅವಳ ಅಂಗಿಯನ್ನು ರವಿಕೆಯ ಮೇಲೆ ಏರಿಸಿದೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ನಿನ್ನ ಉದ್ದದ ಲಟ್ಟಣಿಗೆ ಹಿಡಿದು ನಿಂತೆ. ಆ ಪಿಚರ್ ಹುಡುಗಿಗೆ ನಗು ಬಂತು. ನಗುತ್ತಲೇ ಎಸೆದಳು. ನನ್ನ ಹೊಟ್ಟೆಯ ಮುಂದಿನಿಂದ ಸುಂಯ್ ಅಂತ ಹೋಯಿತು. ಸ್ಟ್ರೈಕ್. ಎರಡನೆಯದು ಆಚೆ, ಬಾಲ್. ಮೂರನೆಯದು ಮತ್ತೆ ಸ್ಟ್ರೈಕ್. ಮಾಪಣ್ಣನವರು “ಹೊಡೀರಿ ಸುಂದರಾಬಾಯಿ, ಹೊಡೀರಿ!” ಅಂತ ಕೂಗಿದರು. ಹಿಂದಿನಿಂದ ಈರವ್ವ “ಹೊಡೀಬ್ಯಾಡ್ರೀ ಅಕ್ಕಾರ!” ಅಂತ ಕೂಗಿದಳು. ಜನ್ಮದಲ್ಲಿ ಮೊದಲ ಸಲ ಅವಳು ಆ ಮಾತು ಹೇಳಿದ್ದಿರಬೇಕು.

ಪ್ರಭಾ, ಇಪ್ಪತ್ತೆರಡು ವರ್ಷ ಗಲ್ಲಾದಲ್ಲಿ ಕೂತವಳು ನಾನು. ಹರಿದ ನೋಟನ್ನು ಮಡಿಸಿ, ನಗುತ್ತಾ, ಗಡಿಬಿಡಿ ಮಾಡಿ ಕೊಡುವವರನ್ನು ದಿನಕ್ಕೆ ಹತ್ತು ಮಂದಿ ನೋಡುತ್ತೇನೆ. ಕೈ ಚಾಚಿದರೆ ಆಯಿತು, ಆಮೇಲೆ ಅದು ನಮ್ಮದೇ. ಕೈ ಚಾಚಬಾರದು, ನೋಡಬೇಕು, ಅಷ್ಟೆ. ಹಾಗೆಯೇ ನೋಡಿದೆ. ನಾಲ್ಕನೆಯದು ಕೆಳಗೆ. ಐದನೆಯದು ತಲೆಯ ಮೇಲೆ. ಆರನೆಯದು ಸರಿಯಾಗಿಯೇ ಬರುತ್ತಿತ್ತು, ಕೊನೆಗೆ ಒಂದು ಗೇಣು ಪಕ್ಕಕ್ಕೆ ಹೊರಳಿತು. ನಾನು ಅಲ್ಲಾಡಲಿಲ್ಲ. ಅಲ್ಲಾಡಲು ಧೈರ್ಯ ಇರಲಿಲ್ಲ ಅಂತಲೂ ಹೇಳಬಹುದು.

ಅಂಪೈರು “ಬಾಲ್ ಫೋರ್” ಅಂದರು. ಎಲ್ಲರೂ ಕುಣಿಯುತ್ತಿದ್ದಾರೆ, ನಾನು ನಿಂತೇ ಇದ್ದೇನೆ. “ನಡೀರಿ ಅಕ್ಕಾರ, ನೀವು ಆ ಚೀಲ ಮುಟ್ಟಬೇಕು!” ಅಂತ ಚಂದ್ರಬಾಯಿ ಕೂಗಿದಳು. ಆರಾಮದಲ್ಲಿ ನಡೆದು ಹೋಗಬಹುದು ಅಂತ ಪುಸ್ತಕದಲ್ಲಿ ಇತ್ತಲ್ಲ, ನೆರಿಗೆ ಸರಿಮಾಡಿಕೊಂಡು ನಡೆದೇ ಹೋದೆ. ಮೂರನೇ ಬೇಸಿನಿಂದ ಶೈನಿ ಓಡಿ ಬಂದು ಮನೆ ಮುಟ್ಟಿದಳು. ಏಳಕ್ಕೆ ಆರು.

ಬಸ್ಸಿನಲ್ಲಿ ಬರುವಾಗ ಮಾಪಣ್ಣನವರಿಗೆ ದುಡ್ಡಿನ ವಿಷಯ ಹೇಳಿಬಿಟ್ಟೆ. ಅವರು “ಪ್ರತಿ ವರ್ಷ ಅರಿಸಿನ-ಕುಂಕುಮದಾಗ ನನ್ನ ಭಾಷಣಕ್ಕ ಎಲ್ಲಾರೂ ನಿದ್ದಿ ಹೊಡೀತಿದ್ರು” ಅಂದರು. ಅದು ಸಿಟ್ಟೋ ಸಂತೋಷವೋ ನನಗೆ ಈಗಲೂ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ನನ್ನನ್ನು ಕರೆಯಬೇಡ. ಮಂಚದಿಂದ ಏಳಲಾಗುವುದಿಲ್ಲ. ಅದು ಮುಗಿದರೆ ತಂಗಿಯ ಮಗಳ ಮದುವೆಗೆ ಊರಿಗೆ ಹೊರಡಬೇಕು.

ನಿನ್ನ ಸುಂದರಕ್ಕ

ಡೊಂಬಿವಲಿ
1 ಮಾರ್ಚ್ 2004

ಸುಂದರಕ್ಕಾ,

ಉಡುಪಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಮದುವೆ ಚೆನ್ನಾಗಿ ಆಯಿತೆಂದು ನಂಬುತ್ತೇನೆ.

ಎರಡನೇ ಸುತ್ತಿನಲ್ಲಿ ಸೋತದ್ದು ನಿಮಗೆ ಗೊತ್ತು. ಎಷ್ಟರಿಂದ ಎಂದು ಫೋನಿನಲ್ಲಿ ಹೇಳಿರಲಿಲ್ಲ. ಹದಿನೇಳಕ್ಕೆ ಎರಡು. ಅವತ್ತು ನಾನೇ ಅಲ್ಲಿದ್ದೆ, ಆದ್ದರಿಂದ ಯಾರ ಮೇಲೂ ತಪ್ಪು ಹಾಕುವ ಹಾಗಿಲ್ಲ. ಸೋನಾಲಿ ಬಂದಿದ್ದಳು. ಆ ಗಂಡಿನ ಕಡೆಯವರು ಬೇಡವೆಂದರಂತೆ; ಹುಡುಗಿಯ ಮೊಣಕಾಲಿನಲ್ಲಿ ಗಾಯದ ಕಲೆಗಳಿವೆ ಎಂದರಂತೆ. ಶಂಕ್ರೆಪ್ಪನವರು ಬೂಟನ್ನು ತಾವೇ ತಂದು ಕೊಟ್ಟರು.

ನಗರಪಾಲಿಕೆಯ ಸಾಹೇಬರ ಮುಂದೆ ಪ್ರಮಾಣಪತ್ರ ಇಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೇಗೆ ಗೆದ್ದಿರಿ ಎಂದು ಕೇಳಿದರು. ಸುಮ್ಮನೆ ನಿಂತು ಎಂದೆ. ಅವತ್ತು ನಗಲಿಲ್ಲ. ಮೂರು ವಾರ ಅಲೆದಾಡಿಸಿ ಭಾನುವಾರ ಬೆಳಿಗ್ಗೆ ಆರರಿಂದ ಎಂಟು ಎಂದು ಬರೆದುಕೊಟ್ಟರು.

ನಿನ್ನೆ ಮೊದಲ ಭಾನುವಾರ. ನಾನು ಹತ್ತು ಮಂದಿಯ ನಿರೀಕ್ಷೆಯಲ್ಲಿ ಬೇಸ್ ಚೀಲಗಳನ್ನು ಹೊತ್ತು ಆರಕ್ಕೆ ಹತ್ತು ನಿಮಿಷ ಇರುವಾಗ ಹೋದೆ. ಗೇಟಿನಲ್ಲಿ ಮೂವತ್ತು ನಲವತ್ತು ಹೆಂಗಸರಿದ್ದರು. ಚಂದ್ರಬಾಯಿ ತನ್ನ ಚಾಳಿನ ವಠಾರದವರನ್ನೆಲ್ಲ ಕರೆತಂದಿದ್ದಳು. ಈರವ್ವ ಒಂದು ಬುಟ್ಟಿ ರೊಟ್ಟಿ ತಂದಿದ್ದಳು. ಒಬ್ಬ ಅಜ್ಜಿ ಕೋಲು ಊರಿಕೊಂಡು ಬಂದಿದ್ದಳು. “ಆಡ್ತೀರೇನು ಅಜ್ಜಿ?” ಎಂದರೆ, “ಇಲ್ಲಿ ಏನದ ನೋಡೂನಂತ ಬಂದೆ. ಮೂವತ್ತು ವರ್ಷ ಆತು ಈ ಗ್ವಾಡಿ ಪಕ್ಕದಾಗ ಇದ್ದೀನಿ, ಒಳಗ ಬಂದಿಲ್ಲ” ಎಂದಳು.

ಒಳಗೆ ಹೋದ ಮೇಲೆ ಯಾರೂ ಆಟದ ಮಾತೆತ್ತಲಿಲ್ಲ. ಚಪ್ಪಲಿ ಕಳಚಿ, ಹುಲ್ಲು ಒಣಗಿಹೋದ ಆ ಮೈದಾನದ ನಡುವೆ ಕಾಲು ಚಾಚಿ ಕೂತರು. ಕೆಲವರು ಮಲಗಿಯೇಬಿಟ್ಟರು. ನಾನು ಚೀಲಗಳನ್ನಿಟ್ಟು, ಗೆರೆ ಎಳೆದು, “ಶುರು ಮಾಡೋಣ?” ಎಂದೆ.

“ಸ್ವಲ್ಪ ತಡೀರಿ ಟೀಚರ” ಎಂದಳು ಚಂದ್ರಬಾಯಿ, ಆಕಾಶ ನೋಡುತ್ತಾ.

ಏಳೂವರೆಗೆ ಹೇಗೋ ಎಬ್ಬಿಸಿ ಸ್ವಲ್ಪ ಆಡಿಸಿದೆ. ಅಜ್ಜಿ ಮೊದಲ ಬೇಸಿನ ಚೀಲದ ಮೇಲೆ ಕೂತು, ಏಳಲು ಒಪ್ಪಲಿಲ್ಲ. ಹುಡುಗಿಯರು ಅವಳ ಹೆಗಲು ಮುಟ್ಟಿ ಓಡಿದರು. ಎಂಟಕ್ಕೆ ಐದು ನಿಮಿಷ ಇರುವಾಗಲೇ ಕ್ರಿಕೆಟ್ ಹುಡುಗರು ಗೇಟಿನಲ್ಲಿ ಬಂದು ನಿಂತರು, ಬ್ಯಾಟು ಬಗಲಲ್ಲಿಟ್ಟುಕೊಂಡು. ಅವರಲ್ಲೊಬ್ಬ ನನಗೆ ತನ್ನ ಗಡಿಯಾರ ತೋರಿಸಿದ. ನಾನು ತಲೆಯಾಡಿಸಿ, ನಮ್ಮವರ ಕಡೆ ತಿರುಗಿದೆ. ರೊಟ್ಟಿಯ ಬುಟ್ಟಿ ಆಗ ತಾನೇ ಬಿಚ್ಚಿದ್ದರು.

ಎಂಟು ಇಪ್ಪತ್ತರ ತನಕ ನಾನು ಸೀಟಿ ಊದಲಿಲ್ಲ.

ಪ್ರಭಾ